ತಟ್ಟೆಯಲ್ಲಿ ಬಿತ್ತುವ ಮುನ್ನ

ಪರಿಗಿ ಮಂಡಲದ ಗ್ರಾಮವೊಂದರಿಂದ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಇಬ್ಬರು ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಹಿರಿಯ ಮಗಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಇನ್ನೆರಡು ವರ್ಷಗಳಲ್ಲಿ ಅವಳನ್ನು ಮುಂದಿನ ಓದಿಗಾಗಿ ಹೊರ ಊರಿಗೆ ಕಳುಹಿಸಬೇಕಾಗುತ್ತದೆ. ಆ ಖರ್ಚಿಗೆ ಈಗಿನಿಂದಲೇ ದಾರಿ ಹುಡುಕುತ್ತಿದ್ದಾರೆ. ಅಷ್ಟರಲ್ಲಿ ಫೋನಿನಲ್ಲಿ ಒಂದು ಜಾಹೀರಾತು ಅವರ ಕಣ್ಣಿಗೆ ಬಿದ್ದಿದೆ. ಮಣ್ಣು ಬೇಡ, ಹೊಲ ಬೇಡ, ಶ್ರಮವಿಲ್ಲ. ಮನೆಯ ಒಂದು ಮೂಲೆಯಲ್ಲಿ ನೀರಿನಲ್ಲಿಯೇ ಮೈಕ್ರೋಗ್ರೀನ್ಸ್ ಬೆಳೆದು ತಿಂಗಳಿಗೆ 30,000 ರೂಪಾಯಿ ಗಳಿಸಬಹುದು ಎಂಬುದು ಅದರ ಸಾರ. 20 ತಟ್ಟೆ, ಕಬ್ಬಿಣದ ಸ್ಟ್ಯಾಂಡು, ದೀಪ, ಪಂಪು, ಪೋಷಕಾಂಶದ ಬಾಟಲಿ ಎಲ್ಲವೂ ಸೇರಿ ಬೆಲೆ 45,000 ರೂಪಾಯಿ. ಡ್ವಾಕ್ರಾ ಸಂಘದಲ್ಲಿ ಸಾಲ ಸಿಗುತ್ತದೆ. "ಸಂಘದ ಮುಂದಿನ ಸಭೆಯೊಳಗೆ ನಾನು ಒಂದು ಮಾತು ಹೇಳಬೇಕು. ತೆಗೆದುಕೊಳ್ಳಲೋ, ಬೇಡವೋ?" ಎಂದು ಕೇಳಿದ್ದಾರೆ.

ಸಭೆ ಹತ್ತಿರವಿರುವುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಾಯಿ, ಬೆಳೆಯಿರಿ, ಆದರೆ ಸಾಲ ಮಾಡಿ ಆ ಸಾಮಗ್ರಿಯನ್ನು ಕೊಳ್ಳಬೇಡಿ. ಇದೇ ಜಾಹೀರಾತನ್ನು ಕಂಡಿರಬಹುದಾದ ಇತರ ಮನೆಯವರಿಗೂ ತಿಳಿಯಲೆಂದು ಕಾರಣವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೈಕ್ರೋಗ್ರೀನ್ಸ್ ಎಂದರೆ ಬೇರೇನೂ ಅಲ್ಲ, ಬೀಜ ಮೊಳೆತು ಮೊದಲ ಎರಡು ಎಲೆಗಳನ್ನು ಬಿಚ್ಚಿದ ಹಂತದಲ್ಲಿಯೇ ಕೊಯ್ದ ಎಳೆಸೊಪ್ಪು. ಮೊಳಕೆ ಕಾಳಿಗೂ ಇದಕ್ಕೂ ವ್ಯತ್ಯಾಸವಿದೆ. ಮೊಳಕೆ ಕಾಳನ್ನು ಬೀಜ, ಬೇರು ಸಹಿತ ತಿನ್ನುತ್ತೇವೆ. ಎಳೆಸೊಪ್ಪನ್ನು ಬೇರಿನ ಮೇಲೆ ಕತ್ತರಿಸಿ, ಕಾಂಡ ಮತ್ತು ಎಲೆಯನ್ನು ಮಾತ್ರ ತಿನ್ನುತ್ತೇವೆ. ಮೊಳಕೆ ಎರಡು ಮೂರು ದಿನದ್ದು, ಎಳೆಸೊಪ್ಪು ಏಳರಿಂದ ಹದಿನೈದು ದಿನದ್ದು. ಹೆಸರು ಹೊಸದಾದರೂ ಈ ವಿದ್ಯೆ ನಮಗೆ ಹೊಸದಲ್ಲ. ಮದುವೆಯ ಮನೆಗಳಲ್ಲಿ ಅಂಕುರಾರ್ಪಣೆಗೆಂದು ಪಾಲಿಕೆಗಳಲ್ಲಿ ನವಧಾನ್ಯ ಬಿತ್ತಿ, ನೀರು ಚಿಮುಕಿಸಿ ಬೆಳೆಸುವುದನ್ನು ನಮ್ಮ ಹಿರಿಯರೆಲ್ಲ ಕಂಡವರೇ. ಮುಂಬಯಿಯಲ್ಲಿ ಕಡಲ ದಂಡೆಯ ಮರಳಿನಲ್ಲಿ ಮೆಂತ್ಯ ಚೆಲ್ಲಿ, ಎರಡು ಅಂಗುಲ ಬೆಳೆದೊಡನೆ ಕಿತ್ತು, ಸಣ್ಣ ಸಣ್ಣ ಕಟ್ಟು ಮಾಡಿ 'ಸಮುದ್ರ ಮೇಥಿ' ಎಂದು ಮಾರುವ ರೂಢಿ ಬಹುಕಾಲದಿಂದ ಇದೆ. ಮೈಕ್ರೋಗ್ರೀನ್ಸ್ ಎಂಬ ಹೆಸರು ಮಾತ್ರ 1980ರ ದಶಕದಿಂದೀಚೆಗೆ ಅಮೆರಿಕದ ಕ್ಯಾಲಿಫೋರ್ನಿಯಾದ ದೊಡ್ಡ ಹೋಟೆಲುಗಳ ಅಡುಗೆಮನೆಯಿಂದ ಹೊರಟು ಬಂದದ್ದು.

ಜಾಹೀರಾತಿನ ಇನ್ನೊಂದು ದೊಡ್ಡ ಮಾತು ಹೈಡ್ರೋಪೋನಿಕ್ಸ್. ಮಣ್ಣಿಲ್ಲದೆ, ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡ ಬೆಳೆಸಬಹುದೆಂದು ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಎಂಬ ವಿಜ್ಞಾನಿಗಳು 1860ರ ದಶಕದಲ್ಲಿಯೇ ತೋರಿಸಿದ್ದರು. ಅದನ್ನು ಪ್ರಯೋಗಶಾಲೆಯಿಂದ ಕೃಷಿಗೆ ತಂದು ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು 1937ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕೆ. ನಮ್ಮ ದೇಶದಲ್ಲಿ 1946ರ ಸುಮಾರಿಗೆ ಬಂಗಾಳದ ಕಾಲಿಂಪಾಂಗ್‌ನಲ್ಲಿ ಶೋಲ್ಟೊ ಡಗ್ಲಾಸ್ ಎಂಬವರು ಬಡವರ ಮನೆಗೂ ಒಗ್ಗುವ ಅಗ್ಗದ ವಿಧಾನವೊಂದನ್ನು ರೂಪಿಸಿ, ಅದರ ಬಗೆಗೆ ಪುಸ್ತಕವನ್ನೂ ಬರೆದರು. ಆ ಗ್ರೀಕ್ ಪದದ ಅರ್ಥ ಗಮನಾರ್ಹವಾಗಿದೆ: ಹೈಡ್ರೋ ಎಂದರೆ ನೀರು, ಪೋನೋಸ್ ಎಂದರೆ ದುಡಿಮೆ. ಶ್ರಮವಿಲ್ಲ ಎಂದು ಜಾಹೀರಾತು ಹೇಳಿದರೂ, ಶ್ರಮ ಆ ಹೆಸರಿನಲ್ಲಿಯೇ ಅಡಗಿದೆ.

ಈಗ ಆ 45,000 ರೂಪಾಯಿಯ ಸಾಮಗ್ರಿಯನ್ನು ಒಂದೊಂದಾಗಿ ಬಿಚ್ಚಿ ನೋಡೋಣ. ಮೊದಲ ಎರಡೆಲೆಯ ಸಸಿಗೆ ಬೇಕಾದ ಆಹಾರ ಬೀಜದಳದಲ್ಲಿಯೇ ತುಂಬಿರುತ್ತದೆ. ತಾಯಿಯ ಹಾಲು ಕುಡಿಯುವ ಕೂಸಿಗೆ ಹೊರಗಿನ ಊಟ ಬೇಡವಷ್ಟೆ, ಹಾಗೆಯೇ ಎಂಟು ಹತ್ತು ದಿನಗಳಲ್ಲಿ ಕೊಯ್ಯುವ ಸಾಸಿವೆ, ಮೂಲಂಗಿ, ಮೆಂತ್ಯಗಳಿಗೆ ಪೋಷಕಾಂಶದ ಬಾಟಲಿಯ ಅಗತ್ಯವಿಲ್ಲ. ಶುದ್ಧವಾದ ನೀರು ಸಾಕು. ಕಿಟಕಿಯ ಬೆಳಕು, ಪಡಸಾಲೆಯ ನೆರಳು ಬೆಳಕು ಸಿಗುವ ಮನೆಗೆ ದೀಪ ಬೇಡ. ಕೈಯಲ್ಲಿ ನೀರು ಚಿಮುಕಿಸಬಹುದಾದ ನಾಲ್ಕು ತಟ್ಟೆಗೆ ಪಂಪು ಬೇಡ. ಹಾಗಾದರೆ ಉಳಿದದ್ದೇನು? ತಟ್ಟೆ, ಬೀಜ ಮತ್ತು ನಿಮ್ಮ ಗಮನ. ಇವುಗಳಲ್ಲಿ ಕೊನೆಯದು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಆದರೆ ಪರಿಗಿ, ಹಿಂದೂಪುರ ಸೀಮೆಯ ಹೆಣ್ಣುಮಕ್ಕಳಲ್ಲಿ ಅದು ಬೇಕಾದಷ್ಟಿದೆ.

ಏಕೆಂದರೆ ಇದು ಹುಳು ಮೇಯಿಸುವವರ ಸೀಮೆ. ರೇಷ್ಮೆಹುಳುವಿನ ಮನೆಯನ್ನು ಬಲ್ಲವರಿಗೆ ಎಳೆಸೊಪ್ಪಿನ ಅರ್ಧ ವಿದ್ಯೆ ಆಗಲೇ ಬಂದಿದೆ. ತಟ್ಟೆಗಳನ್ನು ಒಂದರ ಮೇಲೊಂದು ಅಂತರವಿಟ್ಟು ಜೋಡಿಸುವುದು, ಒಂದು ಬೆಳೆ ಮುಗಿದೊಡನೆ ತೊಳೆದು ಬಿಸಿಲಿಗೊಡ್ಡುವುದು, ಸೆಕೆ ಹೆಚ್ಚಾದರೆ ಒದ್ದೆ ಗೋಣಿತಾಟು ಕಟ್ಟುವುದು, ತೇವ ಮಿತಿಮೀರಿದರೆ ಗಾಳಿ ಬಿಡುವುದು, ಬೆಳಗ್ಗೆ ಸಂಜೆ ತಪ್ಪದೆ ಕಣ್ಣಾಡಿಸುವುದು, ಒಂದು ತಟ್ಟೆಗೆ ರೋಗ ಬಂದರೆ ಅದನ್ನು ತಡಮಾಡದೆ ದೂರ ಮಾಡುವುದು — ಇವೆಲ್ಲವೂ ಎರಡು ಕೆಲಸಗಳಿಗೂ ಸಮಾನ. ಹುಳು ಜ್ವರಕ್ಕೆ ಕುಳಿತಾಗ ಸೊಪ್ಪು ಹಾಕಬಾರದೆಂದು ಅರಿತ ಕೈಗೆ, ಬೀಜ ಮೊಳೆಯುವ ಎರಡು ದಿನ ತಟ್ಟೆಯನ್ನು ಮುಚ್ಚಿಟ್ಟು ಸುಮ್ಮನಿರಬೇಕೆಂಬ ತಾಳ್ಮೆಯನ್ನು ಯಾರೂ ಕಲಿಸಬೇಕಾಗಿಲ್ಲ. ಒಂದು ಎಚ್ಚರ ಮಾತ್ರ ಅಗತ್ಯ. ಹುಳುವಿನ ಮನೆಯೊಳಗೇ ಎಳೆಸೊಪ್ಪಿನ ತಟ್ಟೆ ಇಡಬೇಡಿ. ಅಲ್ಲಿ ಬಳಸುವ ಬ್ಲೀಚಿಂಗ್ ಪುಡಿ, ಫಾರ್ಮಾಲಿನ್ ಹಸಿಯಾಗಿ ತಿನ್ನುವ ಸೊಪ್ಪಿಗೆ ತಾಗಬಾರದು.

ಒಂದು ತಟ್ಟೆಯ ಕ್ರಮವನ್ನು ಹೇಳುತ್ತೇನೆ. ಒಂದು ಅಡಿಗೆ ಎರಡು ಅಡಿಗಿಂತ ತುಸು ಕಡಿಮೆಯ, ತಳದಲ್ಲಿ ಸಣ್ಣ ರಂಧ್ರಗಳಿರುವ ತಟ್ಟೆ ತೆಗೆದುಕೊಳ್ಳಿ. ಅದರಲ್ಲಿ ಒಂದು ಅಂಗುಲ ಕೋಕೋಪೀಟ್, ಎಂದರೆ ತೊಳೆದ ತೆಂಗಿನ ನಾರಿನ ಪುಡಿ ಹರಡಿ. ಅದಿಲ್ಲದಿದ್ದರೆ ಎರಡು ಮಡಿಕೆಯ ಶುದ್ಧ ಹತ್ತಿ ಬಟ್ಟೆಯೂ ಆದೀತು. ಸಾಸಿವೆಯಾದರೆ ಸುಮಾರು 15 ಗ್ರಾಂ, ಮೂಲಂಗಿಯಾದರೆ ಸುಮಾರು 30 ಗ್ರಾಂ ಬೀಜ ಸಾಕು. ಮೆಂತ್ಯ, ಹೆಸರುಕಾಳುಗಳನ್ನು ರಾತ್ರಿ ನೆನೆಸಬೇಕು. ಸಾಸಿವೆಯನ್ನು ನೆನೆಸುವ ಅಗತ್ಯವಿಲ್ಲ. ಬೀಜದ ಮೇಲೆ ಬೀಜ ಬೀಳದಂತೆ ಹರಡಿ, ನೀರು ಚಿಮುಕಿಸಿ, ಇನ್ನೊಂದು ತಟ್ಟೆಯನ್ನು ಮೇಲಿಟ್ಟು ಎರಡು ಮೂರು ದಿನ ಕತ್ತಲಲ್ಲಿಡಿ. ಮೊಳಕೆ ಎದ್ದು ಮೇಲಿನ ತಟ್ಟೆಯನ್ನು ತಳ್ಳತೊಡಗಿದಾಗ ತೆಗೆದು ಬೆಳಕಿಗೆ ತನ್ನಿ. ಅಂದಿನಿಂದ ನೀರನ್ನು ಮೇಲಿನಿಂದ ಸುರಿಯದೆ, ಕೆಳಗಿನ ತಟ್ಟೆಗೆ ಹಾಕಿ ಬೇರು ತಾನಾಗಿ ಹೀರುವಂತೆ ಮಾಡಿದರೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ. ಎಂಟರಿಂದ ಹತ್ತನೆಯ ದಿನದ ಬೆಳಗಿನ ತಂಪಿನಲ್ಲಿ ಶುಭ್ರವಾದ ಕತ್ತರಿಯಿಂದ ಕೊಯ್ಯಿರಿ. ಸರಿಯಾಗಿ ಬಂದ ತಟ್ಟೆಯಿಂದ ಸುಮಾರು 200 ಗ್ರಾಂ ಸೊಪ್ಪು ನಿರೀಕ್ಷಿಸಬಹುದು. ಕೊತ್ತಂಬರಿಗೆ ಇದರ ಎರಡರಷ್ಟು ದಿನ ಬೇಕು, ಬೇಸಿಗೆಯಲ್ಲಿ ಅದು ಸರಿಯಾಗಿ ಮೊಳೆಯುವುದೂ ಇಲ್ಲ.

ನೀರಿನ ಬಗೆಗೆ ಒಂದು ಮಾತು. ಜಯಮಂಗಲಿ ನದಿ ಪಿನಾಕಿನಿಯನ್ನು ಕೂಡುವುದು ಪರಿಗಿ ಮಂಡಲದಲ್ಲಿಯೇ; ಆದರೂ ವರ್ಷದ ಬಹುಭಾಗ ನಾವು ನಂಬಿರುವುದು ಕೊಳವೆಬಾವಿಯನ್ನೇ. ಆ ನೀರಿನಲ್ಲಿ ಲವಣ ಹೆಚ್ಚಿದ್ದರೆ ಎಳೆಯ ಎಲೆಯ ತುದಿ ಸುಡುತ್ತದೆ, ತಟ್ಟೆಯ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಹಿಡಿದಿಟ್ಟ ಮಳೆನೀರು ಅಥವಾ ಊರಿನ ಶುದ್ಧ ನೀರಿನ ಘಟಕದ ಕುಡಿಯುವ ನೀರು ಉತ್ತಮ. ಒಂದು ತಟ್ಟೆಗೆ ದಿನಕ್ಕೆ ಅರ್ಧ ಲೀಟರಿನಷ್ಟು ಸಾಕಾಗುವುದರಿಂದ ಇದು ಭಾರವೆನಿಸದು.

ಬೆಳೆಯುವುದು ಹೀಗೆ ಸುಲಭವಾದರೆ ಕಷ್ಟವೆಲ್ಲಿದೆ? ಮಾರುವುದರಲ್ಲಿದೆ. ರೇಷ್ಮೆಗೂ ಎಳೆಸೊಪ್ಪಿಗೂ ಹೋಲಿಕೆ ಮುಗಿಯುವುದು ಇಲ್ಲಿಯೇ. ಗೂಡೂ ಬಹುಕಾಲ ಇಟ್ಟುಕೊಳ್ಳುವ ಸರಕಲ್ಲ. ತಡವಾದರೆ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ. ಆದರೆ ಹಿಂದೂಪುರದಲ್ಲಿ ಗೂಡಿನ ಮಾರುಕಟ್ಟೆಯಿದೆ, ಹರಾಜಿದೆ, ಕೊಳ್ಳುವ ರೀಲರುಗಳಿದ್ದಾರೆ, ಕಿರಿಕೆರೆಯಲ್ಲಿ ಸಂಶೋಧನಾ ಸಂಸ್ಥೆಯಿದೆ. ಧಾರಣೆ ಏರಲಿ ಇಳಿಯಲಿ, ಗೂಡು ತಂದವನು ಅದನ್ನು ಮಾರಿಯೇ ಮನೆಗೆ ಮರಳುತ್ತಾನೆ. ಎಳೆಸೊಪ್ಪಿಗೆ ಅಂಥ ಅಂಗಳವಿಲ್ಲ. ಕೊಯ್ದ ಸೊಪ್ಪು ಫ್ರಿಜ್ಜಿನಲ್ಲಿ ನಾಲ್ಕೈದು ದಿನ ತಾಳಬಹುದು. ಚೈತ್ರ ವೈಶಾಖದ ಬಿಸಿಲಿನಲ್ಲಿ ಹೊರಗೆ ಒಂದು ಹೊತ್ತೂ ತಾಳದು. ಅದನ್ನು ಕೇಳಿ ಕೊಳ್ಳುವವರು ಹೆಚ್ಚಾಗಿ ಇರುವುದು ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ. ಅಲ್ಲಿನ ಮನೆಗಳಿಗೆ ಅಲ್ಲಿಯ ಬೆಳೆಗಾರರೇ ಬೆಳಗ್ಗೆ ಕೊಯ್ದದ್ದನ್ನು ಬೆಳಗ್ಗೆಯೇ ಮುಟ್ಟಿಸುತ್ತಾರೆ. ಮುಂಬಯಿಯ ಮೆಂತ್ಯವೂ ಬದುಕಿದ್ದು ಮರಳಿನ ಗುಣದಿಂದ ಮಾತ್ರವಲ್ಲ. ಮರಳಿನ ಪಕ್ಕದಲ್ಲಿಯೇ ಕೊಳ್ಳುವ ಮಹಾನಗರವಿತ್ತು.

ಜಾಹೀರಾತಿನ ಲೆಕ್ಕವನ್ನು ಅದರದೇ ಅಂಕಿಗಳಿಂದ ಪರೀಕ್ಷಿಸೋಣ. ಮನೆಯ ಮಗಳೇ ಇದನ್ನು ಪಾಟಿಯ ಮೇಲೆ ಮಾಡಿ ತೋರಿಸಲಿ. 20 ತಟ್ಟೆ, ಹತ್ತು ದಿನಕ್ಕೊಂದು ಬೆಳೆ. ತಿಂಗಳಿಗೆ 60 ತಟ್ಟೆ. ತಟ್ಟೆಗೆ 200 ಗ್ರಾಂನಂತೆ 12 ಕಿಲೋ. ಎಂದರೆ 100 ಗ್ರಾಂನ 120 ಡಬ್ಬಿ. ಇವುಗಳಿಂದ 30,000 ರೂಪಾಯಿ ಬರಬೇಕಾದರೆ ಒಂದು ಡಬ್ಬಿಯನ್ನು 250 ರೂಪಾಯಿಗೆ ಮಾರಬೇಕು. ಅದೂ ಒಂದು ತಟ್ಟೆಯೂ ಬೂಷ್ಟು ಹಿಡಿಯದೆ, ಒಂದು ಡಬ್ಬಿಯೂ ಉಳಿಯದೆ ಇದ್ದಾಗ. ಬೀಜ, ಡಬ್ಬಿ, ಬಸ್ಸು, ಕರೆಂಟಿನ ಖರ್ಚನ್ನು ಕಳೆಯುವ ಮೊದಲು. ಬೆಲೆಯನ್ನು ನಮ್ಮ ಪೇಟೆ ಒಪ್ಪಬಹುದಾದ 40 ರೂಪಾಯಿಗೆ ಇಳಿಸಿದರೆ ಒಟ್ಟು ವಸೂಲಿ 4,800 ರೂಪಾಯಿ. ಸಾಲದ ಅಸಲನ್ನು ಎರಡು ವರ್ಷಗಳಲ್ಲಿ ತೀರಿಸುವುದಾದರೆ ಬಡ್ಡಿ ಬಿಟ್ಟು ತಿಂಗಳಿಗೆ 1,875 ರೂಪಾಯಿ ಕಟ್ಟಬೇಕು. ಉಳಿದದ್ದರಲ್ಲಿ ಖರ್ಚು ಕಳೆದು ನಿಮ್ಮ ತಿಂಗಳ ದುಡಿಮೆಗೆ ಎಷ್ಟು ದಕ್ಕುತ್ತದೆಂದು ನೀವೇ ಎಣಿಸಿ. ಒಂದು ತಿಂಗಳು ಮಾರಾಟ ನಿಂತರೂ ಕಂತು ನಿಲ್ಲುವುದಿಲ್ಲ. ಸಂಘದ ಸಾಲಕ್ಕೆ ಜೊತೆಯ ಹೆಣ್ಣುಮಕ್ಕಳೂ ಹೊಣೆ ಎಂಬುದನ್ನು ನಾನು ನೆನಪಿಸಬೇಕಾಗಿಲ್ಲ.

ಆದರೆ ಇದೇ ಲೆಕ್ಕದಲ್ಲಿ ಒಂದು ಒಳ್ಳೆಯ ಸಂಗತಿಯೂ ಇದೆ. ತಿಂಗಳಿಗೆ 120 ಡಬ್ಬಿ ಎಂದರೆ ವಾರಕ್ಕೆ 28. ವಾರಕ್ಕೊಂದು ಡಬ್ಬಿ ತಪ್ಪದೆ ಕೊಳ್ಳುವ 28 ಮನೆಗಳು ನಿಮಗೆ ಗೊತ್ತಿದ್ದರೆ ಇದು ವ್ಯಾಪಾರ; ನಾಲ್ಕು ಮನೆ ಗೊತ್ತಿದ್ದರೆ ಮೂರು ತಟ್ಟೆಯ ವ್ಯಾಪಾರ. ಆದ್ದರಿಂದ ಹುಡುಕಬೇಕಾದುದು ಮೊದಲು ಉಣ್ಣುವ ಬಾಯನ್ನು, ಆಮೇಲೆ ಬಿತ್ತುವ ತಟ್ಟೆಯನ್ನು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಕೇಳಿ ನೋಡಬೇಕಾದ ಬಾಗಿಲುಗಳು ನಮ್ಮ ಜಿಲ್ಲೆಯಲ್ಲಿಯೂ ಕೆಲವಿವೆ. ಪುಟ್ಟಪರ್ತಿಗೆ ಹೊರದೇಶಗಳ ಭಕ್ತರು ಬರುತ್ತಾರೆ. ಹಸಿ ಸೊಪ್ಪಿನ ಊಟದ ರೂಢಿ ಅವರಲ್ಲಿ ಹಲವರಿಗಿದೆ. ಪೆನುಕೊಂಡದ ಬಳಿ 2019ರಿಂದ ಕಾರು ತಯಾರಿಸುತ್ತಿರುವ ಕಿಯಾ ಕಾರ್ಖಾನೆಯಿಂದಾಗಿ ಆ ಕಡೆ ಕೊರಿಯಾದ ಊಟದ ಹೋಟೆಲುಗಳು ಬಂದಿವೆ. ಮೊಳಕೆ, ಎಳೆಸೊಪ್ಪು ಅವರ ಅಡುಗೆಗೆ ಹೊಸತಲ್ಲ. ಹಿಂದೂಪುರದಲ್ಲಿ ಮಧುಮೇಹ, ರಕ್ತದೊತ್ತಡದ ಭಯದಿಂದ ಊಟ ಬದಲಿಸಿಕೊಂಡಿರುವ ಮನೆಗಳಿವೆ. ಒಂದು ಡಬ್ಬಿಯನ್ನು ಕೈಯಲ್ಲಿ ಹಿಡಿದು ಹೋಗಿ, ರುಚಿ ತೋರಿಸಿ, ಎಷ್ಟಕ್ಕೆ ಕೊಳ್ಳುವಿರಿ, ವಾರಕ್ಕೆ ಎಷ್ಟು ಬೇಕು ಎಂದು ಕೇಳುವುದಕ್ಕೆ ಬಸ್ಸಿನ ಖರ್ಚಷ್ಟೇ ತಗಲುತ್ತದೆ. ಬೇಡ ಎಂಬ ಉತ್ತರ ಸಾಲಕ್ಕೆ ಮೊದಲು ಬಂದರೆ ಅದೂ ಲಾಭವೇ.

ಹಸು ಸಾಕಿರುವ ಮನೆಯವರಿಗೆ, ಅದರಲ್ಲಿಯೂ ಬರ ತಪ್ಪದ ಕಲ್ಯಾಣದುರ್ಗದ ಕಡೆಯವರಿಗೆ, ಇನ್ನೊಂದು ದಾರಿಯುಂಟು. ಮುಸುಕಿನ ಜೋಳವನ್ನು ಇದೇ ರೀತಿ ತಟ್ಟೆಯಲ್ಲಿ ಮೊಳೆಸಿದರೆ ಏಳೆಂಟು ದಿನಗಳಲ್ಲಿ ಒಂದು ಕಿಲೋ ಕಾಳಿಗೆ ಐದಾರು ಕಿಲೋ ಹಸಿರು ಮೇವು ಆಗುತ್ತದೆ. ಇಲ್ಲಿ ಉಣ್ಣುವ ಬಾಯಿ ಕೊಟ್ಟಿಗೆಯಲ್ಲಿಯೇ ಇದೆ. ಆದರೆ ಹೆಚ್ಚಿದ ಆ ತೂಕವೆಲ್ಲ ನೀರಿನದು. ಒಣಗಿಸಿ ತೂಗಿದರೆ ಮೊದಲಿನ ಕಾಳಿಗಿಂತ ತುಸು ಕಡಿಮೆಯೇ ಬರುತ್ತದೆ. ಆದ್ದರಿಂದ ಇದು ಹಸಿರು ಸಿಗದ ತಿಂಗಳುಗಳಲ್ಲಿ ಒಣ ಹುಲ್ಲಿನ ಜೊತೆಗೆ ಕೊಡುವ ತುತ್ತು ಮಾತ್ರ. ಕಲ್ಯಾಣದುರ್ಗದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಆರಂಭಿಸುವುದು ಲೇಸು.

ಮಾರಲಿ, ಮನೆಯಲ್ಲಿ ತಿನ್ನಲಿ, ಕೆಲವು ಅಪಾಯಗಳನ್ನು ಮಕ್ಕಳಿರುವ ಮನೆಯವರು ಅರಿತಿರಲೇಬೇಕು. ಬಿತ್ತನೆ ಬೀಜದ ಅಂಗಡಿಯಲ್ಲಿ ಸಿಗುವ ಕೆಂಪು, ಹಸಿರು ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಸವರಿರುತ್ತಾರೆ. ಅದನ್ನು ಎಳೆಸೊಪ್ಪಿಗೂ ಮೇವಿಗೂ ಎಂದೂ ಬಳಸಬಾರದು. ಟೊಮೆಟೊ, ಬದನೆ, ಮೆಣಸಿನಕಾಯಿಗಳ ಎಳೆ ಸಸಿ ತಿನ್ನಲು ಯೋಗ್ಯವಲ್ಲ. ಎಳೆಯ ಜೋಳದ ಪೈರು ಮೇಯ್ದ ದನ ಸಾಯುವುದನ್ನು ನಮ್ಮ ರೈತರು ಬಲ್ಲರು. ಅದೇ ವಿಷದ ಕಾರಣ ಬಿಳಿಜೋಳದ ಸಸಿಯೂ ಬೇಡ. ಬೂಷ್ಟು ಹಿಡಿದ ತಟ್ಟೆಯನ್ನು ತೊಳೆದು ತಿನ್ನುವ ಉಳಿತಾಯ ಬೇಡ. ಬೆಳೆಯ ಆರಂಭದಲ್ಲಿ ಬೇರಿನ ಮೇಲೆ ಬಿಳಿಯ ನವಿರಾದ ರೋಮಗಳು ಏಳುತ್ತವೆ. ಅವು ಬೂಷ್ಟಲ್ಲ, ನೀರು ಚಿಮುಕಿಸಿದರೆ ಅಡಗುತ್ತವೆ. ಜೇಡನ ಬಲೆಯಂತೆ ಹರಡಿ ನಾರುವುದು ಬೂಷ್ಟು.

ಹಸಿಯಾಗಿ ತಿನ್ನುವ ವಸ್ತುವಿನಲ್ಲಿ ಶುಚಿಯ ಲೋಪ ಎಂಥದೆಂಬುದಕ್ಕೆ ಜರ್ಮನಿಯ ಉದಾಹರಣೆ ಸಾಕು. 2011ರಲ್ಲಿ ಅಲ್ಲಿ ಮೆಂತ್ಯದ ಮೊಳಕೆಯ ಮೂಲಕ ಹರಡಿದ ಇ ಕೋಲಿ ಎಂಬ ರೋಗಾಣುವಿನಿಂದ ಸಾವಿರಾರು ಮಂದಿ ಕಾಯಿಲೆ ಬಿದ್ದು, ಸುಮಾರು 50 ಮಂದಿ ಸತ್ತರು. ಎಳೆಸೊಪ್ಪು ಬೆಳಕು ಗಾಳಿಯಲ್ಲಿ ಬೆಳೆಯುವುದರಿಂದ ಮೊಳಕೆಯಷ್ಟು ಅಪಾಯ ಅದಕ್ಕಿಲ್ಲ. ಆದರೂ ಸೆಗಣಿ ಮುಟ್ಟಿದ ಕೈ, ತೊಟ್ಟಿಯ ನೀರು ಅದರ ಹತ್ತಿರ ಸುಳಿಯಬಾರದು. ಡಬ್ಬಿಗೆ ಹೆಸರಿನ ಚೀಟಿ ಅಂಟಿಸಿ ಮಾರುವ ಹಂತಕ್ಕೆ ಬಂದಾಗ, 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಯಾವ ನೋಂದಣಿ ಬೇಕೆಂದು ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ಪೌಷ್ಟಿಕತೆಯ ಮಾತು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಕೃಷಿ ಇಲಾಖೆಯ ಸಂಶೋಧಕರು 2012ರಲ್ಲಿ 25 ಬಗೆಯ ಎಳೆಸೊಪ್ಪುಗಳನ್ನು ಪರೀಕ್ಷಿಸಿದಾಗ, ಸಿ ಜೀವಸತ್ವದಲ್ಲಿ ಕೆಂಪು ಎಲೆಕೋಸು, ಕೆ ಜೀವಸತ್ವದಲ್ಲಿ ಕೆಂಪು ದಂಟು ಮುಂದಿದ್ದವು; ಹಲವು ಸೊಪ್ಪುಗಳಲ್ಲಿ ಬಲಿತ ಎಲೆಗಿಂತ ಜೀವಸತ್ವ ಅನೇಕ ಪಟ್ಟು ಹೆಚ್ಚಿತ್ತು. ಜಾಹೀರಾತುಗಳು ಸಾರುವುದು ಇದನ್ನೇ. ಆದರೆ ಎಳೆಸೊಪ್ಪನ್ನು ತಿನ್ನುವುದು ಒಂದು ಚಿಟಿಕೆ, ದಂಟಿನ ಸೊಪ್ಪಿನ ಹುಳಿಯನ್ನು ಉಣ್ಣುವುದು ಒಂದು ಬಟ್ಟಲು. ಹಿತ್ತಿಲಿನ ಬೆರಕೆ ಸೊಪ್ಪನ್ನು ಬಿಟ್ಟು ಎಳೆಸೊಪ್ಪಿನ ಬೆನ್ನು ಹತ್ತುವುದು ಜಾಣತನವಲ್ಲ. ಮುದ್ದೆಯ ಜೊತೆಗೆ, ಮೊಸರನ್ನದ ಮೇಲೆ, ಕೋಸಂಬರಿಯೊಳಗೆ ಒಂದು ಹಿಡಿ ಸೇರಿದರೆ ಮಕ್ಕಳು ಖುಷಿಯಿಂದ ತಿನ್ನುತ್ತಾರೆ, ಅಷ್ಟು ಸಾಕು.

ಪತ್ರ ಬರೆದ ತಾಯಿಗೆ ನನ್ನ ಸಲಹೆ ಇಷ್ಟು. ಸಂಘದ ಸಭೆಯಲ್ಲಿ ಈ ಸಲ ಸಾಲ ಬೇಡವೆನ್ನಿ. ಎರಡು ಹಳೆಯ ತಟ್ಟೆ, ಅಡುಗೆಮನೆಯ ಸಾಸಿವೆ ಮತ್ತು ಮೆಂತ್ಯದಿಂದ ಆರಂಭಿಸಿ; ಖರ್ಚು ಇನ್ನೂರು ರೂಪಾಯಿ ದಾಟದು. ಲೆಕ್ಕವನ್ನು ಮಗಳ ಕೈಗೆ ಕೊಡಿ. ಬಿತ್ತಿದ ದಿನ, ಬೀಜದ ತೂಕ, ಹಾಕಿದ ನೀರು, ಕೊಯ್ದ ಸೊಪ್ಪಿನ ತೂಕ, ಕೆಟ್ಟ ತಟ್ಟೆ, ಕೊಂಡವರು, ಮತ್ತೆ ಕೇಳಿದವರು — ಇಷ್ಟನ್ನು ಅವಳು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯಲಿ. ಬೀಜದಳ, ಮೊಳಕೆಯೊಡೆಯುವಿಕೆ ಎಂದು ವಿಜ್ಞಾನದ ಪಾಠದಲ್ಲಿ ಓದಿದ ಮಾತುಗಳು ಕಣ್ಣೆದುರಿಗೆ ಹಸಿರಾಗುತ್ತವೆ. ಶೇಕಡಾವಾರು, ಲಾಭ ನಷ್ಟದ ಗಣಿತವೂ ಅದರಲ್ಲಿಯೇ ಬರುತ್ತದೆ. ತಂಪಿನ ನಾಲ್ಕು ತಿಂಗಳು, ಕಾರ್ತಿಕದಿಂದ ಮಾಘದವರೆಗೆ, ಹೀಗೆ ನಡೆಸಿ ನೋಡಿ. ಆ ನೋಟ್‌ಬುಕ್ಕಿನಲ್ಲಿ ಮತ್ತೆ ಮತ್ತೆ ಕೇಳಿದವರ ಹೆಸರು ಹತ್ತಕ್ಕೆ ಏರಿದರೆ ಎಂಟು ತಟ್ಟೆ ಇಡಿ. ಬಂದ ಹಣದಿಂದಲೇ ಒಂಬತ್ತನೆಯದನ್ನು ಕೊಳ್ಳಿ. ಏರದಿದ್ದರೆ ಎರಡು ತಟ್ಟೆ ಮನೆಯ ಊಟಕ್ಕಿರಲಿ, ನಿಮ್ಮ ದುಡಿಮೆ ಗೂಡಿಗೋ ಹಾಲಿಗೋ ಸಲ್ಲಲಿ.

ಮಗಳ ಓದಿಗೆ ಹಣ ಬೇಕು ನಿಜ. ಆದರೆ ಅವಳು ಹೊರ ಊರಿಗೆ ಹೊರಡುವ ದಿನ ಮನೆಯ ಮೂಲೆಯಲ್ಲಿ ಧೂಳು ಹಿಡಿದ ಸ್ಟ್ಯಾಂಡೂ, ಸಂಘದ ಪುಸ್ತಕದಲ್ಲಿ ತೀರದ ಕಂತೂ ಇರಬಾರದು. ಎಂಟು ಹತ್ತು ದಿನಗಳಲ್ಲಿ ನಿಮ್ಮ ಮೊದಲ ತಟ್ಟೆ ಎಷ್ಟು ಗ್ರಾಂ ತೂಗಿತೆಂದು ಬರೆದು ತಿಳಿಸಿ.